ಜಾರ್ಜ್ ಟಿಲ್ಯೂ

ಹೊಟ್ಟೆಗೆ ಅನ್ನ ಬೇಕು, ದಣಿದ ಮೈಗೆ ನಿದ್ರೆ ಬೇಕು. ಅಂತೆಯೇ ಬೇಸತ್ತ ಮನಸ್ಸಿಗೆ ವಿನೋದವೂ ಬೇಕು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ನ್ಯೂಯಾರ್ಕ್ ನಗರದ ದುಡಿಮೆಗಾರರಿಗೆ ಅಂತಹ ವಿನೋದವನ್ನು ಅಗ್ಗದ ದರದಲ್ಲಿ ಒದಗಿಸಿದವರಲ್ಲಿ ಜಾರ್ಜ್ ಟಿಲ್ಯೂ ಪ್ರಮುಖನು.

ಜಾರ್ಜ್ 1862ರಲ್ಲಿ ನ್ಯೂಯಾರ್ಕಿನಲ್ಲಿ ಜನಿಸಿದನು. ಅವನು ಮೂರು ವರ್ಷದ ಮಗುವಾಗಿದ್ದಾಗ ಅವನ ತಂದೆತಾಯಿಗಳು ಬ್ರೂಕ್ಲಿನ್ನಿನ ದಕ್ಷಿಣಕ್ಕಿರುವ ಕೋನಿ ಐಲೆಂಡ್ ಎಂಬ ಕಡಲತೀರಕ್ಕೆ ಹೋಗಿ ನೆಲೆಸಿದರು. ಅಲ್ಲಿ ಸಮುದ್ರಸ್ನಾನಕ್ಕೆ ಬರುವವರಿಗಾಗಿ ಒಂದು ಚಿಕ್ಕ ಉಪಾಹಾರಗೃಹವನ್ನು ನಡೆಸತೊಡಗಿದರು. ಹೀಗೆ ಬಾಲಕನು ಅಲೆಗಳ ಸದ್ದನ್ನೂ ಪ್ರವಾಸಿಗರ ಗದ್ದಲವನ್ನೂ ಕೇಳುತ್ತಲೇ ಬೆಳೆದನು.

ಹದಿನಾಲ್ಕನೆಯ ವಯಸ್ಸಿನಲ್ಲಿಯೇ ಅವನ ವ್ಯಾಪಾರಬುದ್ಧಿ ಮೊಳಕೆಯೊಡೆಯಿತು. ಸಮುದ್ರವನ್ನೇ ಕಾಣದ ಒಳನಾಡಿನ ಜನ ಅಲ್ಲಿಗೆ ಬಂದಾಗ ಮರಳನ್ನೂ ಉಪ್ಪುನೀರನ್ನೂ ಕಂಡು ಬೆರಗಾಗುತ್ತಿದ್ದರು. ಜಾರ್ಜ್ ಅವೆರಡನ್ನೂ ಬೇರೆಬೇರೆಯಾಗಿ ತುಂಬಿ, ನೆನಪಿನ ಕಾಣಿಕೆಯೆಂದು ಮಾರಿದನು. ಯಾರೂ ಬೆಲೆ ಕಟ್ಟದ ವಸ್ತುವಿಗೆ ಇಪ್ಪತ್ತೈದು ಸೆಂಟುಗಳು ದೊರೆತವು! 1882ರಲ್ಲಿ ತಂದೆಯೊಡನೆ ಸೇರಿ ಅವನು ಕೋನಿ ಐಲೆಂಡಿನ ಮೊದಲ ನಾಟಕಶಾಲೆಯನ್ನು ಕಟ್ಟಿದನು.

ಆದರೆ ಆ ಕಡಲತೀರದಲ್ಲಿ ವಿನೋದದ ಜೊತೆಗೆ ಪಾಪವೂ ಮನೆಮಾಡಿತ್ತು. ಜಾನ್ ಮೆಕೇನ್ ಎಂಬ ಪ್ರಬಲ ರಾಜಕಾರಣಿ ಅಲ್ಲಿಯ ಆಡಳಿತವನ್ನೂ ಪೊಲೀಸರನ್ನೂ ತನ್ನ ಮುಷ್ಟಿಯಲ್ಲಿ ಹಿಡಿದಿದ್ದನು. ಅವನ ಆಶ್ರಯದಲ್ಲಿ ಜೂಜುಕಟ್ಟೆಗಳೂ ದುರಾಚಾರದ ಅಡ್ಡೆಗಳೂ ಬೆಳೆದವು. 1887ರಲ್ಲಿ ರಾಜ್ಯದ ಶಾಸನಸಭೆ ವಿಚಾರಣೆ ನಡೆಸಿದಾಗ ಬಾಯಿ ತೆರೆಯಲು ಹೆಚ್ಚಿನವರು ಹಿಂಜರಿದರು. ಇಪ್ಪತ್ತೈದರ ಹರೆಯದ ಜಾರ್ಜ್ ಮಾತ್ರ ತಾನು ಬಲ್ಲ ಅಕ್ರಮಗಳನ್ನೆಲ್ಲ ನಿರ್ಭಯವಾಗಿ ಬಿಚ್ಚಿಟ್ಟನು. ಫಲ ವಿಪರೀತವಾಯಿತು. ಮೆಕೇನನ ಅಧಿಕಾರ ಕುಂದಲಿಲ್ಲ. ಟಿಲ್ಯೂ ಕುಟುಂಬವೇ ಅವನ ಕೋಪಕ್ಕೆ ಗುರಿಯಾಗಿ ಕಷ್ಟನಷ್ಟಗಳನ್ನು ಅನುಭವಿಸಿತು. ಸತ್ಯ ನುಡಿದವನು ಏಳು ವರ್ಷ ಕಾಯಬೇಕಾಯಿತು. ಚುನಾವಣೆಯ ಅಕ್ರಮಗಳಿಗಾಗಿ 1894ರಲ್ಲಿ ಮೆಕೇನ್ ಸೆರೆಮನೆ ಸೇರಿದನು. ಟಿಲ್ಯೂವಿನ ಏಳಿಗೆಗೆ ಇದ್ದ ಅಡ್ಡಿ ದೂರವಾಯಿತು.

ಇದಕ್ಕೆ ಹಿಂದಿನ ವರ್ಷವಷ್ಟೇ ಜಾರ್ಜ್ ನವವಧುವಿನೊಡನೆ ಷಿಕಾಗೋ ನಗರದ ವಿಶ್ವಪ್ರದರ್ಶನವನ್ನು ನೋಡಲು ಹೋಗಿದ್ದನು. ಅಲ್ಲಿ ಫೆರಿಸ್ ಎಂಬ ಎಂಜಿನಿಯರನು ನಿಲ್ಲಿಸಿದ್ದ, 264 ಅಡಿ ಎತ್ತರದ ತಿರುಗುವ ಚಕ್ರ ಅವನ ಮನಸ್ಸನ್ನು ಸೆಳೆಯಿತು. ಅದನ್ನು ಕೊಳ್ಳಲಾಗದೆ, 125 ಅಡಿಯ ಬೇರೊಂದು ಚಕ್ರವನ್ನು ಮಾಡಿಸಿದನು. ಜಗತ್ತಿನಲ್ಲೇ ದೊಡ್ಡ ಚಕ್ರ ಇಲ್ಲಿ ನಿಲ್ಲಲಿದೆಯೆಂದು ಫಲಕವನ್ನೂ ಹಾಕಿಸಿದನು. ವಿಚಾರಣೆಯಲ್ಲಿ ಅಳುಕದೆ ನಿಜ ನುಡಿದವನು ವ್ಯಾಪಾರದಲ್ಲಿ ಉತ್ಪ್ರೇಕ್ಷೆಗೆ ಹೇಸುತ್ತಿರಲಿಲ್ಲವೆಂಬುದು ಅವನ ಸ್ವಭಾವದ ಇನ್ನೊಂದು ಮುಖ.

1895ರಲ್ಲಿ ಪಾಲ್ ಬಾಯ್ಟನ್ ಎಂಬ ಸಾಹಸಿ ಈಜುಗಾರನು ಕೋನಿ ಐಲೆಂಡಿನಲ್ಲಿ ಸೀ ಲಯನ್ ಪಾರ್ಕ್ ಎಂಬ ವಿನೋದವನವನ್ನು ತೆರೆದನು. ಸುತ್ತಲೂ ಆವರಣ ಹಾಕಿ, ಬಾಗಿಲಲ್ಲಿಯೇ ಪ್ರವೇಶಶುಲ್ಕ ಪಡೆಯುವ ಪದ್ಧತಿ ಅದರದು. ಇದರ ಲಾಭವನ್ನು ಟಿಲ್ಯೂ ಒಡನೆಯೇ ಗ್ರಹಿಸಿದನು. ಬೇಲಿಯಿದ್ದರೆ ಪುಂಡರನ್ನು ಹೊರಗಿಡಬಹುದು. ಹೆಂಗಸರೂ ಮಕ್ಕಳೂ ನಿಶ್ಚಿಂತೆಯಿಂದ ಬರಬಹುದು. 1897ರಲ್ಲಿ ಅವನು ಸ್ಟೀಪಲ್‌ಚೇಸ್ ಪಾರ್ಕನ್ನು ತೆರೆದನು. ಅಲ್ಲಿಯ ಮುಖ್ಯ ಆಕರ್ಷಣೆ ಕುದುರೆಪಂದ್ಯ. ಮರದ ಕುದುರೆಗಳು ಕಬ್ಬಿಣದ ಹಳಿಗಳ ಮೇಲೆ, ಇಳಿಜಾರಿನ ವೇಗದಿಂದಲೇ ಏರುತಗ್ಗುಗಳನ್ನು ದಾಟಿ ಓಡುತ್ತಿದ್ದವು. ಕಾರ್ಖಾನೆಯ ಕೂಲಿಯೂ ಒಂದು ಗಳಿಗೆ ಶ್ರೀಮಂತರಂತೆ ಕುದುರೆಸವಾರನಾಗಬಹುದಾಗಿತ್ತು.

ಯಶಸ್ಸಿನ ಹಿಂದೆ ಸ್ಪರ್ಧೆಯೂ ಬಂದಿತು. ಚಂದ್ರಲೋಕದ ಪಯಣವೆಂಬ ಪ್ರದರ್ಶನವನ್ನು ಟಿಲ್ಯೂವಿನ ಪಾರ್ಕಿನಲ್ಲಿ ನಡೆಸುತ್ತಿದ್ದ ಥಾಮ್ಸನ್ ಮತ್ತು ಡಂಡಿ ಎಂಬ ಇಬ್ಬರು ಅವನಿಂದ ಬೇರೆಯಾಗಿ, 1903ರಲ್ಲಿ ಲೂನಾ ಪಾರ್ಕನ್ನು ಕಟ್ಟಿದರು. ಮರುವರ್ಷ ಡ್ರೀಮ್‌ಲ್ಯಾಂಡ್ ತಲೆಯೆತ್ತಿತು. ಅಸಂಖ್ಯ ವಿದ್ಯುದ್ದೀಪಗಳಿಂದ ಆ ಕಡಲತೀರದಲ್ಲಿ ರಾತ್ರಿಯೂ ಹಗಲಾಯಿತು. ಟಿಲ್ಯೂ ಎದೆಗುಂದಲಿಲ್ಲ. ಭವ್ಯತೆಯಲ್ಲಿ ಅವರು ಮುಂದಿರಲಿ, ನಗಿಸುವುದರಲ್ಲಿ ತಾನು ಮುಂದಿರುವೆನೆಂಬುದು ಅವನ ನಿಲುವಾಗಿತ್ತು. ಜನ ಇತರರು ತಡವರಿಸುವುದನ್ನು ನೋಡಿ ನಗುತ್ತಾರೆ, ತಾವೇ ತಡವರಿಸಿದಾಗಲೂ ನಗುತ್ತಾರೆ ಎಂಬ ಗುಟ್ಟನ್ನು ಅವನು ಅರಿತಿದ್ದನು.

1907ರ ಜುಲೈ ತಿಂಗಳಲ್ಲಿ ಬೆಂಕಿ ಬಿದ್ದು ಸ್ಟೀಪಲ್‌ಚೇಸ್ ಪಾರ್ಕು ಬೂದಿಯಾಯಿತು. ಹತ್ತು ವರ್ಷಗಳ ದುಡಿಮೆ ಕೆಲವೇ ಗಂಟೆಗಳಲ್ಲಿ ಹಾಳಾಯಿತು. ಬೇರೊಬ್ಬನಾಗಿದ್ದರೆ ತಲೆಯ ಮೇಲೆ ಕೈಹೊತ್ತು ಕುಳಿತುಬಿಡುತ್ತಿದ್ದನು. ಟಿಲ್ಯೂ ಬೆಂಕಿ ಆರುವ ಮೊದಲೇ ಒಂದು ಫಲಕವನ್ನು ನೆಡಿಸಿದನು. ಇನ್ನೂ ದೊಡ್ಡದಾದ, ಇನ್ನೂ ಉತ್ತಮವಾದ ಪಾರ್ಕು ಇಲ್ಲಿಯೇ ಏಳುವುದೆಂದು ಅದರಲ್ಲಿ ಸಾರಿದನು; ಉರಿಯುವ ಅವಶೇಷಗಳನ್ನು ನೋಡಬಯಸುವವರಿಗೆ ಹತ್ತು ಸೆಂಟುಗಳ ಶುಲ್ಕವನ್ನೂ ಗೊತ್ತುಮಾಡಿದನು! ಮಾತಿಗೆ ತಪ್ಪದೆ ಪಾರ್ಕನ್ನು ಪುನಃ ಕಟ್ಟಿದನು. ಮಳೆ ಬಂದರೂ ಆಟ ನಿಲ್ಲದಂತೆ ಉಕ್ಕು ಮತ್ತು ಗಾಜಿನಿಂದ ವಿಶಾಲವಾದ ವಿನೋದಮಂದಿರವನ್ನು ನಿರ್ಮಿಸಿದನು.

ಟಿಲ್ಯೂ 1914ರಲ್ಲಿ ಕಾಲವಶನಾದನು. ಡ್ರೀಮ್‌ಲ್ಯಾಂಡ್ 1911ರಲ್ಲೇ ಸುಟ್ಟುಹೋಗಿತ್ತು. ಲೂನಾ ಪಾರ್ಕು 1944ರ ಬೆಂಕಿಗೆ ತುತ್ತಾಯಿತು. ಇವೆರಡಕ್ಕಿಂತ ಮೊದಲು ಹುಟ್ಟಿದ ಸ್ಟೀಪಲ್‌ಚೇಸ್ ಮಾತ್ರ ಅವನ ಮನೆಯವರ ಆಡಳಿತದಲ್ಲಿ 1964ರವರೆಗೂ ಬಾಳಿತು. ಈಗ ಆ ಮರದ ಕುದುರೆಗಳ ಓಟವಿಲ್ಲ, ಗಾಜಿನ ಮಂದಿರವೂ ಇಲ್ಲ. ಆದರೆ ಸತ್ಯಕ್ಕಾಗಿ ನಷ್ಟವನ್ನು ಸಹಿಸಿದ, ಬೂದಿಯ ಮುಂದೆ ನಿಂತು ನಾಳೆಯ ಕಟ್ಟಡವನ್ನು ಕಂಡ ಆ ಧೀರನ ಬಾಳು ಮರೆಯುವಂತಹುದಲ್ಲ.