ನಾಗರತ್ನಮ್ಮ ಮತ್ತು ಕೈಬಿಟ್ಟ ಪದ್ಯಗಳು

ಇಂಗ್ಲಿಷ್ ಮೀಡಿಯಂನಲ್ಲಿ ಓದಿ ಬಂದ ನಮ್ಮಲ್ಲಿ ಬಹಳ ಮಂದಿ ಪ್ರೇಮ ಕಾದಂಬರಿ ಓದೋದು ಇಂಗ್ಲಿಷ್‌ನಲ್ಲೇ, ಅದೂ ಮೊಬೈಲ್‌ನಲ್ಲಿ. ಟಿಕೋಟಾ, ಬಬಲೇಶ್ವರದಿಂದ ದಿನಾ ಕಾಲೇಜಿಗೆ ಬರೋರು ಬಸ್ಸಿನಲ್ಲೇ ಅರ್ಧ ಕಾದಂಬರಿ ಮುಗಿಸ್ತೀವಿ. ಹಸಿ ಪ್ರಣಯದ ದೃಶ್ಯ ಬಂದರೆ ಸ್ಕ್ರೀನ್ ಬ್ರೈಟ್‌ನೆಸ್ ಇಳಿಸ್ತೀವಿ. ಕೆಲವರು ಆ ಪುಟ ಹಾರಿಸ್ತೀವಿ, ಕೆಲವರು ಎರಡು ಸಲ ಓದ್ತೀವಿ. ಅದು ಅವರವರ ಇಷ್ಟ. ಆದರೆ ಆ ಪುಟವೇ ಇರಬಾರದು ಅಂತ ಬೇರೆ ಯಾರೋ ತೀರ್ಮಾನ ಮಾಡಿದರೆ? ನೂರು ವರ್ಷಕ್ಕೂ ಹಿಂದೆ ಈ ಪ್ರಶ್ನೆಯನ್ನು ನೇರವಾಗಿ ಎದುರಿಸಿದ ಕನ್ನಡತಿ ಬೆಂಗಳೂರು ನಾಗರತ್ನಮ್ಮ. ಕರ್ನಾಟಕ ಸಂಗೀತ ಕಲಿತವರಿಗೆ ಇವರ ಹೆಸರು ಗೊತ್ತಿರುತ್ತೆ. ಇವರು ಪುಸ್ತಕಕ್ಕಾಗಿ ನಿಂತ ಕಥೆ ಅಷ್ಟಾಗಿ ಗೊತ್ತಿಲ್ಲ.

ನಾಗರತ್ನಮ್ಮ 1878ರಲ್ಲಿ ನಂಜನಗೂಡಿನಲ್ಲಿ ಹುಟ್ಟಿದರು. ತಾಯಿ ಪುಟ್ಟಲಕ್ಷ್ಮಿ ದೇವದಾಸಿ ಸಮುದಾಯದವರು. ವಕೀಲರಾಗಿದ್ದ ತಂದೆ ಇವರಿಬ್ಬರ ಕೈ ಬಿಟ್ಟರು. ತಾಯಿ ಮಾತ್ರ ಮಗಳ ಕಲಿಕೆ ನಿಲ್ಲಿಸಲಿಲ್ಲ. ಸಂಸ್ಕೃತ, ಕನ್ನಡ, ತೆಲುಗು, ಜೊತೆಗೆ ಸಂಗೀತ, ನೃತ್ಯ, ಎಲ್ಲ ಕಲಿಸಿದರು. ಬೆಂಗಳೂರಿನಲ್ಲಿ ಹೆಸರು ಮಾಡಿದ ನಾಗರತ್ನಮ್ಮ ಆಮೇಲೆ ಮದ್ರಾಸಿಗೆ ಹೋಗಿ ಅಲ್ಲಿನ ದೊಡ್ಡ ಗಾಯಕಿಯರಲ್ಲಿ ಒಬ್ಬರಾದರು.

ಅಲ್ಲಿ ಅವರ ಕೈಗೆ ಬಂದದ್ದು ‘ರಾಧಿಕಾ ಸಾಂತ್ವನಮು’ ಎಂಬ ತೆಲುಗು ಕಾವ್ಯ. ಬರೆದವರು ಮುದ್ದುಪಳನಿ. 18ನೇ ಶತಮಾನದಲ್ಲಿ ತಂಜಾವೂರಿನ ಮರಾಠ ದೊರೆ ಪ್ರತಾಪಸಿಂಹನ ಆಸ್ಥಾನದಲ್ಲಿದ್ದವರು, ಅವರೂ ಅದೇ ಸಮುದಾಯದ ಹೆಣ್ಣುಮಗಳು. ಕಾವ್ಯದಲ್ಲಿ ಮುನಿದ ರಾಧೆಯನ್ನು ಕೃಷ್ಣ ಸಮಾಧಾನ ಮಾಡ್ತಾನೆ. ದೇಹದ ಆಸೆ, ಅಸೂಯೆ, ಸಿಟ್ಟು ಎಲ್ಲಾನೂ ರಾಧೆಯ ಕಡೆಯಿಂದ ಬಿಚ್ಚುಮನಸ್ಸಿನಲ್ಲಿ ಬರೆದಿದ್ದಾರೆ. ಆದರೆ ನಾಗರತ್ನಮ್ಮನಿಗೆ ಸಿಕ್ಕ ಅಚ್ಚಿನ ಪ್ರತಿಯಲ್ಲಿ ಪೀಠಿಕೆಯೂ ಕೆಲವು ಪದ್ಯಗಳೂ ಇರಲಿಲ್ಲ. ವಿಧವಾ ವಿವಾಹಕ್ಕೆ ಹೋರಾಡಿದ ಸುಧಾರಕ ಕಂದುಕೂರಿ ವೀರೇಶಲಿಂಗಂ ಅವರೇ, ಹೆಣ್ಣು ಕೇಳಲೂ ಬಾರದ ಮಾತು ಈ ಕಾವ್ಯದಲ್ಲಿದೆ ಅಂತ ಕವಯಿತ್ರಿಯನ್ನು ಹೀಗಳೆದಿದ್ದರು.

ನಾಗರತ್ನಮ್ಮ ಹಸ್ತಪ್ರತಿ ಹುಡುಕಿಸಿ, ಬಿಟ್ಟುಹೋದ ಭಾಗ ಸೇರಿಸಿ, 1910ರಲ್ಲಿ ಮದ್ರಾಸಿನ ವಾವಿಳ್ಳ ಪ್ರಕಾಶನದಿಂದ ಪೂರ್ತಿ ಕಾವ್ಯ ಅಚ್ಚು ಹಾಕಿಸಿದರು. ಮುನ್ನುಡಿಯಲ್ಲಿ ಅವರು ಎತ್ತಿದ ಪ್ರಶ್ನೆ ಸರಳ: ನಾಚಿಕೆ ಅನ್ನೋದು ಹೆಂಗಸರಿಗೆ ಮಾತ್ರನಾ? ಗಂಡಸರು ಬರೆದ ಕಾವ್ಯಗಳಲ್ಲಿ ಇದಕ್ಕಿಂತ ಹೆಚ್ಚಿನ ಶೃಂಗಾರ ಇದ್ದರೂ ಅವನ್ನು ಯಾರೂ ದೂರಲ್ಲ ಅಂತ ತೋರಿಸಿಕೊಟ್ಟರು.

ಬ್ರಿಟಿಷ್ ಸರ್ಕಾರ ಪುಸ್ತಕ ಅಶ್ಲೀಲ ಅಂತ ಪ್ರತಿಗಳನ್ನು ಜಪ್ತಿ ಮಾಡಿತು. ಪಂಡಿತರು ಅರ್ಜಿ ಹಾಕಿದರೂ ಫಲ ಸಿಗಲಿಲ್ಲ. ನಿಷೇಧ ತೆಗೆದದ್ದು 1947ರಲ್ಲಿ.

ಇದೇ ನಾಗರತ್ನಮ್ಮ ತ್ಯಾಗರಾಜರ ದೊಡ್ಡ ಭಕ್ತೆ. ಪಾಳುಬಿದ್ದಿದ್ದ ತಿರುವೈಯಾರಿನ ಸಮಾಧಿಗೆ ತಮ್ಮ ಗಳಿಕೆ ಸುರಿದು ಗುಡಿ ಕಟ್ಟಿಸಿದರು. ಅಲ್ಲಿನ ಆರಾಧನೆಯಲ್ಲಿ ಹೆಂಗಸರು ಹಾಡುವಂತಿರಲಿಲ್ಲ. ಅದಕ್ಕೆ ಹೆಂಗಸರದ್ದೇ ಬೇರೆ ಆರಾಧನೆ ಶುರು ಮಾಡಿದರು. ಮುಂದೆ ಎಲ್ಲರೂ ಒಂದಾದರು. 1952ರಲ್ಲಿ ಅವರು ತೀರಿಕೊಂಡರು. ಅವರ ಸಮಾಧಿಯೂ ತ್ಯಾಗರಾಜರ ಸಮಾಧಿಯ ಎದುರಿಗೇ ಇದೆ. ಭಕ್ತಿಗೂ ಶೃಂಗಾರಕ್ಕೂ ಜಗಳ ಇದೆ ಅಂತ ಅವರಿಗೆ ಅನಿಸಿರಲಿಲ್ಲ.

ನಮ್ಮೂರಿಗೂ ಇದು ಹೊಸದಲ್ಲ. ಟಿಕೋಟಾ ದಾರಿಯಲ್ಲಿ ಸಿಗೋ ತೊರವಿಯ ಹತ್ತಿರ ನವರಸಪುರ ಕಟ್ಟಿಸಿದ ಎರಡನೇ ಇಬ್ರಾಹಿಂ ಆದಿಲ್ ಶಾಹ ಬರೆದದ್ದೂ ‘ಕಿತಾಬ್-ಎ-ನವರಸ್’. ಒಂಬತ್ತು ರಸಗಳ ಪಟ್ಟಿಯಲ್ಲಿ ಮೊದಲು ಬರೋದೇ ಶೃಂಗಾರ.

ಮುಜುಗರ ಆದರೆ ಪುಟ ಹಾರಿಸೋಣ, ಅದರಲ್ಲಿ ತಪ್ಪೇನಿಲ್ಲ. ಹಾಗಂತ ನಮ್ಮ ಮುಜುಗರವನ್ನು ಎಲ್ಲರಿಗೂ ರೂಲ್ ಮಾಡೋದು ಬೇಡ. ಹುಡುಗರು ಓದಿದರೆ ತಮಾಷೆ, ಅದನ್ನೇ ಹುಡುಗಿ ಓದಿದರೆ ಅವಳ ನಡತೆ ಬಗ್ಗೆ ಮಾತು, ಇದು ನಮ್ಮ ಕ್ಲಾಸುಗಳಲ್ಲಿ ಈಗಲೂ ಐತಿ. ನಾಗರತ್ನಮ್ಮ ಕೇಳಿದ ಪ್ರಶ್ನೆಗೆ ನಾವಿನ್ನೂ ಉತ್ತರ ಕೊಡಬೇಕಾಗಿದೆ.