ನಾಟಕರತ್ನ ಗುಬ್ಬಿ ವೀರಣ್ಣನವರು

ಶ್ರೀಮಠದ ಮಹೋತ್ಸವದ ನೆನಪಿಗಾಗಿ ಹೊರಡುತ್ತಿರುವ ಈ ಸಂಪುಟದಲ್ಲಿ, ಗುರುಪರಂಪರೆಯ ಪುಣ್ಯಪುರುಷರ ಚರಿತ್ರೆಗಳ ನಡುವೆ ನಾಟಕದವರೊಬ್ಬರ ಚರಿತ್ರೆಗೆ ಎಡೆ ದೊರೆತುದೇಕೆಂದು ಭಕ್ತಮಹಾಶಯರಲ್ಲಿ ಕೆಲವರು ಶಂಕಿಸಬಹುದು. ಶಂಕೆಯು ಸಹಜವಾದುದೇ ಸರಿ. ನಮ್ಮ ಹಿರಿಯರ ಕಾಲದಲ್ಲಿ ನಾಟಕದವರೆಂದರೆ ವಾಸಕ್ಕೆ ಮನೆ ಕೊಡಲು ಹಿಂದೆಗೆಯುವವರು ಬಹುಮಂದಿ ಇದ್ದರು. ಹೆಣ್ಣು ಕೊಡುವ ಮಾತಂತೂ ದೂರವೇ ಉಳಿಯಿತು. ಆದರೆ ಅದೇ ಹಿರಿಯರು, ಸುಗ್ಗಿ ಮುಗಿದು ಕಣದ ರಾಶಿ ಮನೆ ಸೇರಿದೊಡನೆ, ಪೇಟೆಗೆ ಕಂಪೆನಿ ಬಂದಿದೆಯೆಂಬ ಸುದ್ದಿ ಕಿವಿಗೆ ಬಿದ್ದರೆ ಸಾಕು, ಗಾಡಿ ಕಟ್ಟಿಸಿ ಹೆಂಡಿರು ಮಕ್ಕಳೊಡನೆ ಹೊರಟುಬಿಡುತ್ತಿದ್ದರು. ಬೆಳಗಿನ ಜಾವದವರೆಗೂ ನೋಡಿ, ಅತ್ತು, ನಕ್ಕು, ಹಾಡುಗಳನ್ನು ಬಾಯಲ್ಲಿ ತುಂಬಿಕೊಂಡು ಹಿಂದಿರುಗುತ್ತಿದ್ದರು. ನೋಟವು ಪ್ರಿಯ, ನೋಟ ತೋರಿಸುವವನು ಅಪ್ರಿಯ, ಇದೆಂತಹ ನ್ಯಾಯವೋ! ಈ ಅನ್ಯಾಯದ ನಡುವೆಯೇ ಬಾಳಿ, ತನ್ನ ವೃತ್ತಿಯನ್ನು ಶರಣರು ಹೇಳಿದ ಕಾಯಕದ ಸಾಲಿಗೆ ಸೇರಿಸಬೇಕೆಂದು ಜೀವವೆಲ್ಲ ಸವೆಸಿದವರು ಗುಬ್ಬಿ ವೀರಣ್ಣನವರು. ತಮ್ಮ ಆತ್ಮಚರಿತ್ರೆಗೆ ಅವರು ಇಟ್ಟ ಹೆಸರು ಕಲೆಯೇ ಕಾಯಕ. ಈ ಹೆಸರೊಂದೇ ಅವರನ್ನು ನಮ್ಮ ಸಂಪುಟದೊಳಕ್ಕೆ ಕರೆತರಲು ಸಾಕಾದ ರಹದಾರಿಯೆಂದು ನಮ್ಮ ಭಾವನೆ.

ತುಮಕೂರು ಸೀಮೆಯ ಗುಬ್ಬಿಯು ಸಾಮಾನ್ಯವಾದ ಊರಲ್ಲ. ಎಡೆಯೂರಿನ ತೋಂಟದ ಸಿದ್ಧಲಿಂಗ ಯತಿಗಳಿಗೆ ಗುರುಗಳಾದ ಗೋಸಲ ಚನ್ನಬಸವೇಶ್ವರರ ಸನ್ನಿಧಾನವು ಅಲ್ಲಿದೆ. ಭಾವಚಿಂತಾರತ್ನವನ್ನೂ ವೀರಶೈವಾಮೃತ ಪುರಾಣವನ್ನೂ ರಚಿಸಿದ ಮಲ್ಲಣಾರ್ಯನು ಆ ಊರಿನವನು. ಅಲ್ಲಿ ೧೮೮೪ರಲ್ಲಿ ಚಂದಣ್ಣನವರೂ ಅಬ್ದುಲ್ ಅಜೀಜ್ ಸಾಹೇಬರೂ ಕೂಡಿಕೊಂಡು ಒಂದು ನಾಟಕ ಮಂಡಳಿಯನ್ನು ಹುಟ್ಟುಹಾಕಿ, ಅದಕ್ಕೆ ಊರ ದೈವದ ಹೆಸರನ್ನೇ ಇಟ್ಟು ಶ್ರೀ ಚನ್ನಬಸವೇಶ್ವರ ನಾಟಕ ಸಂಘವೆಂದು ಕರೆದರು. ಚನ್ನಬಸವೇಶ್ವರರ ಹೆಸರಿನ ಕಂಪೆನಿಯನ್ನು ಕಟ್ಟಲು ಒಬ್ಬ ಮುಸಲ್ಮಾನ ಮಹನೀಯರು ಹೆಗಲು ಕೊಟ್ಟರೆಂಬುದನ್ನು ವಾಚಕರು ಮರೆಯಬಾರದು.

ವೀರಣ್ಣನವರು ಹಂಪಣ್ಣನವರ ಪುತ್ರರು. ೧೮೯೧ನೆಯ ಇಸವಿ ಜನವರಿ ೨೪ರಂದು ಜನಿಸಿದರು. ಆರು ವರ್ಷದ ಬಾಲಕನಾಗಿ ಕಂಪೆನಿಯನ್ನು ಸೇರಿದರು. ಆ ವಯಸ್ಸಿನ ಇತರ ಮಕ್ಕಳು ಸಾಲೆಯಲ್ಲಿ ಮರಳಿನ ಮೇಲೆ ಅಕ್ಷರ ತಿದ್ದುತ್ತಿರಲು, ಈ ಬಾಲಕನು ಪರದೆಯ ಮರೆಯಲ್ಲಿ ನಿಂತು ಮಾತು, ಹಾಡು, ಹೆಜ್ಜೆಗಳನ್ನು ಕಲಿಯುತ್ತಿದ್ದನು. ಬಾಲಪಾತ್ರ, ಸ್ತ್ರೀಪಾತ್ರ, ಹಾಸ್ಯಪಾತ್ರ ಎಂದು ಹಂತಹಂತವಾಗಿ ಮೇಲೇರಿ, ೧೯೧೭ರಲ್ಲಿ ಕಂಪೆನಿಯ ಯಜಮಾನಿಕೆಯನ್ನೇ ವಹಿಸಿಕೊಂಡರು.

ಕಂಪೆನಿಯ ಯಜಮಾನಿಕೆಯೆಂದರೆ ಏನೆಂಬುದನ್ನು ಇಂದಿನ ತರುಣರಿಗೆ ತುಸು ಬಿಡಿಸಿ ಹೇಳುವುದು ಅವಶ್ಯ. ಅದು ಸಂಚಾರ ಮಾಡುವ ಒಂದು ಊರೇ ಸರಿ. ನಟರು, ನಟಿಯರು, ಕಾಲು ಹಾರ್ಮೋನಿಯಂ ನುಡಿಸುವ ಮೇಷ್ಟ್ರು, ತಬಲದವರು, ಪರದೆ ಬರೆಯುವ ಚಿತ್ರಕಾರರು, ಬಡಗಿಗಳು, ದರ್ಜಿಗಳು, ಅಡಿಗೆಯವರು, ಅವರೆಲ್ಲರ ಮಕ್ಕಳು ಮರಿಗಳು. ಇಷ್ಟು ಜನಕ್ಕೂ ಎರಡು ಹೊತ್ತು ಎಲೆ ಹಾಕಬೇಕು. ತಗಡಿನ ರಂಗಮಂದಿರವನ್ನು ಊರೂರಿಗೆ ಸಾಗಿಸಿ ನಿಲ್ಲಿಸಬೇಕು. ಕುರ್ಚಿ, ಬೆಂಚು, ಚಾಪೆ, ನೆಲವೆಂದು ತರಗತಿ ಮಾಡಿ ಚೀಟಿ ಮಾರಬೇಕು. ಮಳೆ ಹೊಡೆದರೆ ಆಟವಿಲ್ಲ. ಆಟವಿಲ್ಲದ ದಿನವೂ ಊಟ ಇರಲೇಬೇಕು. ಮಠದ ದಾಸೋಹವನ್ನು ಬಲ್ಲ ನಮ್ಮ ಭಕ್ತರಿಗೆ ಇದರ ಭಾರವೆಷ್ಟೆಂಬುದು ತಾನಾಗಿಯೇ ತಿಳಿಯುವುದು. ಜಾತಿ ಕುಲಗಳ ಗೋಡೆಗಳು ಇನ್ನೂ ಗಟ್ಟಿಯಾಗಿ ನಿಂತಿದ್ದ ಕಾಲದಲ್ಲಿ ಹಲವು ಮತದವರು ಒಂದೇ ಬಿಡಾರದಲ್ಲಿ ಬಾಳಿ, ರಾತ್ರಿಯಾದರೆ ಒಬ್ಬನು ರಾಮನಾಗಿ ಮತ್ತೊಬ್ಬನು ರಾವಣನಾಗಿ ನಿಲ್ಲುತ್ತಿದ್ದರೆಂಬುದು ಸಣ್ಣ ಸಂಗತಿಯಲ್ಲ.

ವೀರಣ್ಣನವರ ಕೀರ್ತಿಯನ್ನು ಮನೆಮನೆಗೆ ಮುಟ್ಟಿಸಿದುದು ಬೆಳ್ಳಾವೆ ನರಹರಿ ಶಾಸ್ತ್ರಿಗಳವರ ಸದಾರಮೆ ನಾಟಕ. ಅದರಲ್ಲಿ ಇವರು ವಹಿಸುತ್ತಿದ್ದುದು ರಾಜಪಾತ್ರವನ್ನಲ್ಲ, ಕಳ್ಳನ ಪಾತ್ರವನ್ನು. ಸದಾರಮೆಯನ್ನು ಮೋಸದಿಂದ ಅಪಹರಿಸಿ, ಕಡೆಗೆ ಅವಳ ಜಾಣ್ಮೆಯ ಮುಂದೆ ಪೆಚ್ಚಾಗಿ ನಿಲ್ಲುವ ಆ ಕಳ್ಳನನ್ನು ಕಾಣಲೆಂದೇ ಜನ ಮುಗಿಬೀಳುತ್ತಿದ್ದರು. ಕಂಪೆನಿಯ ಧಣಿಯೇ ಕಳ್ಳನ ವೇಷ ತೊಟ್ಟು ಪ್ರಜೆಗಳನ್ನು ನಗಿಸುವುದು ವಿನೋದದ ಮಾತು. ಹಾಸ್ಯವನ್ನು ಕೀಳೆಂದೆಣಿಸದ ದೊಡ್ಡ ಮನಸ್ಸಿಗೆ ಮಾತ್ರ ಅದು ಸಾಧ್ಯ. ಮೈಸೂರು ಮಹಾರಾಜರು ಇವರಿಗೆ ನಾಟಕರತ್ನವೆಂಬ ಬಿರುದನ್ನಿತ್ತು ಗೌರವಿಸಿದರು. ಕನ್ನಡದಲ್ಲಿ ಮಾತ್ರವಲ್ಲದೆ ತೆಲುಗು, ತಮಿಳು ನುಡಿಗಳಲ್ಲಿಯೂ ನಾಟಕವಾಡಿಸಿ ಹೊರನಾಡಿನಲ್ಲಿ ಗೆದ್ದುದರಿಂದ ಕರ್ನಾಟಕಾಂಧ್ರ ನಾಟಕ ಸಾರ್ವಭೌಮರೆಂಬ ಹೆಸರೂ ಬಂದಿತು.

ಸ್ತ್ರೀಪಾತ್ರಗಳನ್ನು ಗಂಡಸರೇ ವಹಿಸುತ್ತಿದ್ದ ಕಾಲವದು. ಸ್ತ್ರೀಯರೇ ಅವನ್ನು ವಹಿಸಬೇಕೆಂದು ವೀರಣ್ಣನವರು ತಮ್ಮ ರಂಗದ ಬಾಗಿಲನ್ನು ತೆರೆದರು. ಅನ್ಯರ ಹೆಣ್ಣುಮಕ್ಕಳನ್ನು ಮುಂದೆ ದೂಡಿ ತಾವು ಹಿಂದೆ ನಿಂತವರಲ್ಲ. ಅವರ ಪತ್ನಿಯರಾದ ಸುಂದರಮ್ಮನವರೂ ಬಿ. ಜಯಮ್ಮನವರೂ ರಂಗವೇರಿ ಹಾಡಿ ಅಭಿನಯಿಸಿದರು. ನಿಂದೆಯ ಮಾತುಗಳನ್ನು ಆಡುವವರು ಎಲ್ಲ ಕಾಲದಲ್ಲಿಯೂ ಇರುವರು. ಅಕ್ಕಮಹಾದೇವಿಯವರನ್ನು ಅನುಭವಮಂಟಪದಲ್ಲಿ ಸಮಾನವಾಗಿ ಕೂರಿಸಿದ ಪರಂಪರೆಗೆ ಸೇರಿದ ನಾವು, ಹೆಣ್ಣು ಸಭೆಯ ಮುಂದೆ ನಿಲ್ಲುವುದನ್ನು ಕಂಡು ಮುಖ ತಿರುಗಿಸಿದುದು ವಿಚಿತ್ರವೆಂದು ಹೇಳದೆ ವಿಧಿಯಿಲ್ಲ.

೧೯೩೪ರಲ್ಲಿ ರಂಗಕ್ಕೆ ಬಂದ ಕುರುಕ್ಷೇತ್ರವು ಕಂಪೆನಿಯ ವೈಭವಕ್ಕೆ ಕಳಶವಿಟ್ಟಿತು. ಬಿ. ಪುಟ್ಟಸ್ವಾಮಯ್ಯನವರ ಕೃತಿಯದು. ಬಣ್ಣದ ಪರದೆಯಲ್ಲಿ ಆನೆಯನ್ನು ಬರೆದು ತೋರಿಸಿ ತೃಪ್ತರಾಗುವ ಸ್ವಭಾವ ವೀರಣ್ಣನವರದಲ್ಲ. ನಿಜವಾದ ಆನೆ ಕುದುರೆಗಳು, ರಥಗಳು, ವಿದ್ಯುದ್ದೀಪಗಳ ಚಮತ್ಕಾರ, ಬಯಲಿನಷ್ಟು ವಿಶಾಲವಾದ ರಂಗ. ಇಷ್ಟೊಂದು ಆಡಂಬರದಲ್ಲಿ ಮಾತಿನ ಸೊಗಸು ಮಸುಕಾಗುವುದೆಂದು ಆಕ್ಷೇಪಿಸುವ ಪಂಡಿತರು ಇದ್ದಾರೆ. ಆ ಆಕ್ಷೇಪಣೆಯಲ್ಲಿ ಹುರುಳಿಲ್ಲದೆ ಇಲ್ಲ. ಆದರೆ ಅಕ್ಷರ ಬಾರದ ರೈತನು ಭಾರತದ ಕಥೆಯನ್ನು ಕಣ್ಣಾರೆ ಕಂಡು ಕಿವಿಯಾರೆ ಕೇಳಿ ಮನೆಗೆ ಒಯ್ದನೆಂಬುದನ್ನೂ ತಕ್ಕಡಿಯ ಇನ್ನೊಂದು ತಟ್ಟೆಯಲ್ಲಿ ಇಡಬೇಕು.

ಇನ್ನು ವೀರಣ್ಣನವರ ಬಾಳಿನ ಬಹು ಕಠಿಣವಾದ ಪ್ರಸಂಗಕ್ಕೆ ಬರುತ್ತೇವೆ. ಚಲಚ್ಚಿತ್ರವೆಂಬ ಹೊಸ ವಿದ್ಯೆಯು ನಾಡಿಗೆ ಕಾಲಿಟ್ಟಾಗ ಅದನ್ನು ಶತ್ರುವೆಂದು ಬಗೆಯದೆ ಕೈಹಿಡಿದು ಕರೆತಂದವರಲ್ಲಿ ಇವರೂ ಒಬ್ಬರು. ಬೆಂಗಳೂರಿನ ಕರ್ನಾಟಕ ಪಿಕ್ಚರ್ಸ್ ಕಾರ್ಪೊರೇಷನ್ನಿನ ಮೂಲಕ ಹರಿಮಾಯಾ ಮೊದಲಾದ ಮೂಕಚಿತ್ರಗಳನ್ನು ೧೯೩೦ರ ದಶಕದ ಆರಂಭದಲ್ಲಿಯೇ ತೆಗೆದರು. ಬಳಿಕ ೧೯೪೧ರಲ್ಲಿ ಸುಭದ್ರಾ, ೧೯೪೨ರಲ್ಲಿ ಜೀವನ ನಾಟಕ, ೧೯೪೬ರಲ್ಲಿ ಹೇಮರೆಡ್ಡಿ ಮಲ್ಲಮ್ಮ ಬಂದವು. ಶ್ರೀಶೈಲದ ಮಲ್ಲಿಕಾರ್ಜುನನಿಗೆ ಮನಸೋತ ಆ ಶಿವಶರಣೆಯ ಪಾತ್ರವನ್ನು ಜಯಮ್ಮನವರು ವಹಿಸಿದರು. ಪುರಾಣ ಪ್ರವಚನಗಳಲ್ಲಿ ಕೇಳಿದ್ದ ಮಲ್ಲಮ್ಮನ ಚರಿತ್ರೆ ಇದರಿಂದ ಬೆಳ್ಳಿತೆರೆಗೂ ಏರಿತು.

೧೯೫೪ರಲ್ಲಿ ಹೊರಬಂದ ಬೇಡರ ಕಣ್ಣಪ್ಪ ಇದಕ್ಕಿಂತಲೂ ಮಿಗಿಲಾಯಿತು. ಅರವತ್ತುಮೂವರು ಪುರಾತನರಲ್ಲಿ ಒಬ್ಬನಾಗಿ ನಾವು ವಂದಿಸುವ ಕಣ್ಣಪ್ಪನ ಕಥೆಯು ಮೊದಲು ರಂಗದಲ್ಲಿ ಹಣ್ಣಾಗಿ ಆಮೇಲೆ ಚಿತ್ರವಾಯಿತು, ನಿರ್ದೇಶಿಸಿದವರು ಎಚ್.ಎಲ್.ಎನ್. ಸಿಂಹರವರು. ಕಣ್ಣಪ್ಪನಾಗಿ ನಿಂತ ತರುಣನು ಗುಬ್ಬಿ ಕಂಪೆನಿಯ ನಟ ಸಿಂಗಾನಲ್ಲೂರು ಪುಟ್ಟಸ್ವಾಮಯ್ಯನವರ ಮಗ ಮುತ್ತುರಾಜ; ರಾಜ್‌ಕುಮಾರ್ ಎಂಬ ಹೆಸರು ಅವರಿಗೆ ಬಂದುದು ಆ ಚಿತ್ರದಿಂದಲೇ. ಹಾಸ್ಯನಟ ನರಸಿಂಹರಾಜುರವರೂ ಅದರಲ್ಲಿಯೇ ಬೆಳಕಿಗೆ ಬಂದರು. ಕೇಂದ್ರ ಸರ್ಕಾರದ ಅರ್ಹತಾ ಪತ್ರವೂ ಚಿತ್ರಕ್ಕೆ ದೊರೆಯಿತು.

ಗೆಲುವೇನೋ ಗೆಲುವೇ. ಆದರೆ ಆ ಗೆಲುವೇ ಕಂಪೆನಿ ನಾಟಕದ ಬೇರಿಗೆ ಕೊಡಲಿಯಾಯಿತು. ತಾವೇ ತಿದ್ದಿ ತೀಡಿದ ನಟರು ಒಬ್ಬೊಬ್ಬರಾಗಿ ಮದರಾಸಿನ ಸ್ಟುಡಿಯೋಗಳ ಕಡೆಗೆ ನಡೆದರು. ನಾಲ್ಕಾಣೆಗೆ ಮೂರು ಗಂಟೆಯಲ್ಲಿ ಮುಗಿಯುವ ಚಿತ್ರವಿರಲು, ರಾತ್ರಿಯೆಲ್ಲ ಕುಳಿತು ನಾಟಕ ನೋಡುವವರು ಕಡಮೆಯಾದರು. ಯಾವ ಮನೆಯನ್ನು ಬಾಳೆಲ್ಲ ಕಟ್ಟಿದರೋ ಅದರ ಗೋಡೆಯಲ್ಲಿ ಈ ಹೊಸ ಬಾಗಿಲನ್ನು ತೆರೆದವರಲ್ಲಿ ಅವರೂ ಸೇರಿದ್ದರು. ಹೀಗಿದ್ದೂ ಅವರು ಕಂಪೆನಿಯನ್ನು ಕೈಬಿಡಲಿಲ್ಲ. ಲಾಭವಿದ್ದಾಗ ಮಾಡುವುದು ವ್ಯಾಪಾರ, ಲಾಭವಿಲ್ಲದಾಗಲೂ ಬಿಡದುದು ಕಾಯಕವೆಂದು ನಾವು ಎಣಿಸಿದರೆ ಅದು ಅತ್ಯುಕ್ತಿಯಾಗಲಾರದೆಂದು ತೋರುತ್ತದೆ.

ಅವರ ಔದಾರ್ಯಕ್ಕೆ ಒಂದು ನಿದರ್ಶನ. ದಕ್ಷಿಣ ಕನ್ನಡದಿಂದ ನಾಟಕದ ಹುಚ್ಚು ಹತ್ತಿ ಓಡಿಬಂದ ಬಡ ಹುಡುಗನೊಬ್ಬನು ಕಂಪೆನಿಯನ್ನು ಸೇರಿದ್ದನು. ಅವನಲ್ಲಿದ್ದ ವಿದ್ಯೆಯ ಹಸಿವನ್ನು ಕಂಡು ವೀರಣ್ಣನವರು ಅವನನ್ನು ಕಾಶಿಗೆ ಕಳುಹಿಸಿ ಉಚ್ಚ ವ್ಯಾಸಂಗ ಮಾಡಿಸಿದರು. ಕಂಪೆನಿಗೆ ಬೇಕಾದ ನಟನನ್ನು ಕಂಪೆನಿಯ ಧಣಿಯೇ ಓದಿಗಾಗಿ ಹೊರಗೆ ಕಳುಹಿಸುವುದೆಂದರೆ! ಆ ಹುಡುಗನೇ ಮುಂದೆ ದಿಲ್ಲಿಯ ರಾಷ್ಟ್ರೀಯ ನಾಟಕ ಶಾಲೆಯ ನಿರ್ದೇಶಕರಾಗಿ, ಮೈಸೂರಿನ ರಂಗಾಯಣವನ್ನು ಕಟ್ಟಿದ ಬಿ.ವಿ. ಕಾರಂತರು.

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಸೀಮೆಗಳ ನಮ್ಮ ಭಕ್ತರಿಗೆ ಈ ಪರಂಪರೆ ದೂರದ್ದಲ್ಲ. ಸಮೀಪದ ದಾವಣಗೆರೆಯಲ್ಲಿ ಚಿಂದೋಡಿ ವೀರಪ್ಪನವರು ಕೆ.ಬಿ.ಆರ್. ಡ್ರಾಮಾ ಕಂಪೆನಿಯನ್ನು ನಡೆಯಿಸಿದರು. ಅವರ ಪುತ್ರಿ ಲೀಲಾರವರು ೧೯೮೮ರಲ್ಲಿ ಪದ್ಮಶ್ರೀ ಪಡೆದರು. ಸಿರಿಗೆರೆಯ ಲಿಂಗೈಕ್ಯ ಶ್ರೀ ಶಿವಕುಮಾರ ಶಿವಾಚಾರ್ಯ ಮಹಾಸ್ವಾಮಿಗಳವರು ಶರಣರ ಚರಿತ್ರೆಯನ್ನು ಜನಕ್ಕೆ ತಿಳಿಸಲು ತಾವೇ ಮರಣವೇ ಮಹಾನವಮಿ ಮೊದಲಾದ ನಾಟಕಗಳನ್ನು ರಚಿಸಿದರು. ಸಾಣೇಹಳ್ಳಿಯ ಶಾಖಾಮಠದಿಂದ ೧೯೯೭ರಲ್ಲಿ ಶಿವಸಂಚಾರವೆಂಬ ತಿರುಗಾಟದ ತಂಡವೇ ಹೊರಟಿತು. ನಾಟಕದವರಿಗೆ ಮನೆ ಕೊಡಲು ಹಿಂದೆಗೆದ ಸಮಾಜದಲ್ಲಿಯೇ ಮಠವು ನಾಟಕದವರಿಗೆ ಮನೆಯಾಯಿತು.

ವೀರಣ್ಣನವರಿಗೆ ೧೯೫೫ರಲ್ಲಿ ಸಂಗೀತ ನಾಟಕ ಅಕಾಡೆಮಿಯ ಪ್ರಶಸ್ತಿಯೂ ೧೯೭೨ರಲ್ಲಿ ಪದ್ಮಶ್ರೀಯೂ ಸಂದವು. ಅದೇ ೧೯೭೨ರ ಅಕ್ಟೋಬರ್ ೧೮ರಂದು ಅವರು ಲಿಂಗೈಕ್ಯರಾದರು. ಅವರ ಹೆಸರಿನಲ್ಲಿ ರಾಜ್ಯ ಸರ್ಕಾರವು ವೃತ್ತಿರಂಗಭೂಮಿಯ ಕಲಾವಿದರಿಗೆ ಪ್ರಶಸ್ತಿಯನ್ನು ಏರ್ಪಡಿಸಿತು. ತುಮಕೂರಿನ ಕಲಾಕ್ಷೇತ್ರಕ್ಕೂ ಅವರ ಹೆಸರೇ ಇದೆ. ಮಗಳು ಮಾಲತಮ್ಮನವರ ಪುತ್ರಿ ಬಿ. ಜಯಶ್ರೀಯವರು ತಮ್ಮ ಸ್ಪಂದನ ತಂಡದಿಂದ ಸದಾರಮೆಯನ್ನು ಮತ್ತೆ ರಂಗಕ್ಕೆ ತಂದರು. ಒಂದು ಕಾಲಕ್ಕೆ ಹೆಣ್ಣಿನ ಪಾತ್ರವನ್ನು ಗಂಡು ವಹಿಸುತ್ತಿದ್ದ ಆ ರಂಗದಲ್ಲಿ, ಅಜ್ಜನವರ ಕಳ್ಳನ ವೇಷವನ್ನು ಮೊಮ್ಮಗಳೇ ತೊಟ್ಟು ಸಭಿಕರನ್ನು ನಗಿಸಿದರು.