ವೈದ್ಯಕೀಯ ಗ್ರಂಥಾಲಯದ ಶಿಲ್ಪಿ ಡಾ. ಜಾನ್ ಶಾ ಬಿಲ್ಲಿಂಗ್ಸ್ (1838–1913)

ಪೀಠಿಕೆ

ವೈದ್ಯಕೀಯ ಕಾಲೇಜಿಗೆ ಆಸ್ಪತ್ರೆ ಮತ್ತು ಪ್ರಯೋಗಾಲಯಗಳು ಎಷ್ಟು ಅವಶ್ಯವೋ ಗ್ರಂಥಾಲಯವೂ ಅಷ್ಟೇ ಅವಶ್ಯ. ಚಿಕಿತ್ಸೆಯನ್ನು ನಿರ್ಧರಿಸುವ ವೈದ್ಯರು, ಪಾಠ ಸಿದ್ಧಪಡಿಸುವ ಅಧ್ಯಾಪಕರು, ಪ್ರಬಂಧ ಬರೆಯುವ ವಿದ್ಯಾರ್ಥಿಗಳು, ಈ ಮೂವರೂ ಮೊದಲು ತಿಳಿಯಬೇಕಾದುದು ಅದೇ ವಿಷಯದಲ್ಲಿ ಈ ಹಿಂದೆ ಯಾರು, ಎಲ್ಲಿ, ಏನನ್ನು ಕಂಡುಕೊಂಡಿದ್ದಾರೆ ಎಂಬುದನ್ನು. ಈ ಅವಶ್ಯಕತೆಯನ್ನು ಸ್ವಾನುಭವದಿಂದ ಅರಿತು, ಅದರ ಪೂರೈಕೆಗಾಗಿ ಮೂರು ದಶಕಗಳ ಕಾಲ ದುಡಿದ ಅಮೆರಿಕದ ಸೇನಾ ವೈದ್ಯ ಡಾ. ಜಾನ್ ಶಾ ಬಿಲ್ಲಿಂಗ್ಸ್ ಅವರ ಜೀವನದ ಸಂಕ್ಷಿಪ್ತ ಪರಿಚಯವನ್ನು ಸಾರ್ವಜನಿಕರ ಮಾಹಿತಿಗಾಗಿ ಇಲ್ಲಿ ನೀಡಲಾಗಿದೆ.

ಜನನ ಮತ್ತು ವಿದ್ಯಾಭ್ಯಾಸ

ಬಿಲ್ಲಿಂಗ್ಸ್ ಅವರು 1838ರ ಏಪ್ರಿಲ್ 12ರಂದು ಅಮೆರಿಕದ ಇಂಡಿಯಾನಾ ರಾಜ್ಯದ ಗ್ರಾಮಾಂತರ ಪ್ರದೇಶವೊಂದರಲ್ಲಿ ಜನಿಸಿದರು. ಬಾಲ್ಯದಿಂದಲೂ ಓದಿನಲ್ಲಿ ಅಪಾರ ಆಸಕ್ತಿಯಿದ್ದ ಇವರು, ತಮ್ಮ ಕಾಲೇಜು ವಿದ್ಯಾಭ್ಯಾಸದ ವೆಚ್ಚವನ್ನು ತಂದೆ ಭರಿಸುವುದಾದರೆ ಆಸ್ತಿಯೆಲ್ಲವೂ ಸಹೋದರಿಗೆ ಸಲ್ಲಲೆಂದು ಒಪ್ಪಿಕೊಂಡರು. 1857ರಲ್ಲಿ ಓಹಾಯೊ ರಾಜ್ಯದ ಮಯಾಮಿ ವಿಶ್ವವಿದ್ಯಾಲಯದಿಂದ ಪದವಿಯನ್ನೂ, 1860ರಲ್ಲಿ ಸಿನ್ಸಿನಾಟಿ ನಗರದ ಓಹಾಯೊ ವೈದ್ಯಕೀಯ ಕಾಲೇಜಿನಿಂದ ವೈದ್ಯ ಪದವಿಯನ್ನೂ ಪಡೆದರು.

ವೈದ್ಯ ಪದವಿಗಾಗಿ ಇವರು ಆರಿಸಿಕೊಂಡ ಪ್ರಬಂಧದ ವಿಷಯ ಮೂರ್ಛೆರೋಗಕ್ಕೆ ಶಸ್ತ್ರಚಿಕಿತ್ಸೆ. ಇಂತಹ ಶಸ್ತ್ರಚಿಕಿತ್ಸೆಗೆ ಒಳಗಾದವರಲ್ಲಿ ಎಷ್ಟು ಮಂದಿ ಗುಣಮುಖರಾದರು, ಎಷ್ಟು ಮಂದಿ ಮೃತಪಟ್ಟರು ಎಂಬ ಲೆಕ್ಕ ಅವರಿಗೆ ಬೇಕಿತ್ತು. ಮಾಹಿತಿ ಇರಲಿಲ್ಲವೆಂದಲ್ಲ, ಅದು ನಾನಾ ಭಾಷೆಗಳ ಪುಸ್ತಕ ಮತ್ತು ನಿಯತಕಾಲಿಕೆಗಳಲ್ಲಿ ಚದುರಿಹೋಗಿತ್ತು. ಸುಮಾರು ಆರು ತಿಂಗಳ ಕಾಲ ಹುಡುಕಿದರೂ ಅವರಿಗೆ ತೃಪ್ತಿಕರವಾದ ಫಲ ದೊರೆಯಲಿಲ್ಲ. ಬೇಕಾದ ಪುಸ್ತಕಗಳೆಲ್ಲವೂ ಇರುವ ಒಂದೇ ಒಂದು ಗ್ರಂಥಾಲಯವೂ ಇಡೀ ದೇಶದಲ್ಲಿ ಇಲ್ಲವೆಂಬುದು ಅವರಿಗೆ ಮನವರಿಕೆಯಾಯಿತು. ದಾಖಲೆ ಇದ್ದೂ ಸಕಾಲದಲ್ಲಿ ಕೈಗೆ ಸಿಗದಿದ್ದರೆ ಅದು ಇಲ್ಲದಿರುವುದಕ್ಕೆ ಸಮಾನ ಎಂಬುದನ್ನು ಕಚೇರಿಯಲ್ಲಿ ಕಡತಕ್ಕಾಗಿ ಕಾದವರೆಲ್ಲರೂ ಬಲ್ಲರು. ವೈದ್ಯಕೀಯದಲ್ಲಿ ಆ ವಿಳಂಬದ ಬೆಲೆಯನ್ನು ತೆರುವವರು ರೋಗಿಗಳು.

ಸೇನಾ ಸೇವೆ

ಅಮೆರಿಕದ ಅಂತರ್ಯುದ್ಧದ ಸಮಯದಲ್ಲಿ ಇವರು ಸೇನೆಯ ಶಸ್ತ್ರವೈದ್ಯರಾಗಿ ಸೇರಿ, 1863ರ ಚಾನ್ಸಲರ್ಸ್‌ವಿಲ್ ಮತ್ತು ಗೆಟಿಸ್‌ಬರ್ಗ್ ಕದನಗಳಲ್ಲಿ ಗಾಯಾಳುಗಳಿಗೆ ಶಸ್ತ್ರಚಿಕಿತ್ಸೆ ನಡೆಸಿದರು. ನಂತರ ವಾಷಿಂಗ್ಟನ್‌ನಲ್ಲಿದ್ದ ಸೇನೆಯ ಸರ್ಜನ್ ಜನರಲ್ ಅವರ ಕಚೇರಿಗೆ ನಿಯುಕ್ತಿಗೊಂಡರು. 1865ರಲ್ಲಿ ಆ ಕಚೇರಿಯ ಗ್ರಂಥಾಲಯದ ಹೊಣೆಯನ್ನು ಇವರಿಗೆ ವಹಿಸಲಾಯಿತು. ಆಗ ಅಲ್ಲಿದ್ದ ಪುಸ್ತಕಗಳು ಸುಮಾರು 2,000 ಮಾತ್ರ.

ಯುದ್ಧಾನಂತರ ಮುಚ್ಚಲ್ಪಟ್ಟ ಸೇನಾ ಆಸ್ಪತ್ರೆಗಳ ನಿಧಿಯಲ್ಲಿ ಸುಮಾರು 80,000 ಡಾಲರ್ ಉಳಿಕೆಯಾಗಿತ್ತು. ಈ ಮೊತ್ತವನ್ನು ಗ್ರಂಥಾಲಯದ ಉಪಯೋಗಕ್ಕೆ ಒದಗಿಸಲಾಯಿತು. ಬಿಲ್ಲಿಂಗ್ಸ್ ಅವರು ಅದನ್ನು ಜಾಗರೂಕತೆಯಿಂದ ವಿನಿಯೋಗಿಸಿ ಪುಸ್ತಕಗಳನ್ನು ಖರೀದಿಸಿದರಲ್ಲದೆ, ದೇಶವಿದೇಶಗಳ ವೈದ್ಯರು ಹಾಗೂ ಸಂಸ್ಥೆಗಳೊಡನೆ ಪತ್ರವ್ಯವಹಾರ ನಡೆಸಿ ದಾನ ಮತ್ತು ವಿನಿಮಯದ ಮೂಲಕವೂ ಸಂಗ್ರಹವನ್ನು ಬೆಳೆಸಿದರು. ಅಧ್ಯಕ್ಷ ಲಿಂಕನ್ ಅವರು ಗುಂಡೇಟಿಗೆ ಗುರಿಯಾದ ಫೋರ್ಡ್ ನಾಟಕಶಾಲೆಯ ಕಟ್ಟಡದಲ್ಲಿ ಗ್ರಂಥಾಲಯವು ಹಲವು ವರ್ಷಗಳ ಕಾಲ ಇದ್ದು, 1887ರಲ್ಲಿ ಸ್ವಂತ ಕಟ್ಟಡಕ್ಕೆ ಸ್ಥಳಾಂತರಗೊಂಡಿತು. 1895ರಲ್ಲಿ ಇವರು ನಿವೃತ್ತರಾಗುವ ವೇಳೆಗೆ ಪುಸ್ತಕಗಳ ಸಂಖ್ಯೆ 1,16,000ವನ್ನು ಮೀರಿತ್ತು.

ಸೂಚಿಗಳ ರಚನೆ

ಪುಸ್ತಕಗಳನ್ನು ಕೂಡಿಡುವುದಷ್ಟರಿಂದಲೇ ಉದ್ದೇಶ ಈಡೇರುವುದಿಲ್ಲ ಎಂಬುದು ಇವರ ದೃಢವಾದ ಅಭಿಪ್ರಾಯವಾಗಿತ್ತು. ಲೆಕ್ಕಪತ್ರದಲ್ಲಿ ಚೀಟಿಗಳು ಎಷ್ಟೇ ಇದ್ದರೂ ಖಾತಾವಾರು ನಮೂದಿಸದ ಹೊರತು ಬಾಕಿ ತಿಳಿಯದು. ಗ್ರಂಥಾಲಯದ ಸ್ಥಿತಿಯೂ ಅಂತೆಯೇ. ಆದುದರಿಂದ ಇವರು ಪುಸ್ತಕಗಳನ್ನು ಮಾತ್ರವಲ್ಲದೆ ನಿಯತಕಾಲಿಕೆಗಳಲ್ಲಿನ ಲೇಖನಗಳನ್ನೂ ಲೇಖಕ ಮತ್ತು ವಿಷಯಗಳ ಪ್ರಕಾರ ಸೂಚಿಯಲ್ಲಿ ಸೇರಿಸಲು ನಿರ್ಧರಿಸಿದರು. ನಿಯತಕಾಲಿಕೆಗಳನ್ನು ಮನೆಗೆ ಕೊಂಡೊಯ್ದು ರಾತ್ರಿಯ ವೇಳೆ ಲೇಖನಗಳನ್ನು ಗುರುತಿಸುತ್ತಿದ್ದರು. ಗುಮಾಸ್ತರು ಅವುಗಳನ್ನು ಚೀಟಿಗಳ ಮೇಲೆ ಬರೆದುಕೊಳ್ಳುತ್ತಿದ್ದರು. ಡಾ. ರಾಬರ್ಟ್ ಫ್ಲೆಚರ್ ಅವರು ಈ ಕಾರ್ಯದಲ್ಲಿ ಇವರ ಬಲಗೈಯಾಗಿದ್ದರು.

ಮುದ್ರಣಕ್ಕೆ ಸರ್ಕಾರದ ಅನುದಾನ ಅವಶ್ಯವಾಗಿತ್ತು. ಇದಕ್ಕಾಗಿ 1876ರಲ್ಲಿ ಮಾದರಿ ಸಂಚಿಕೆಯೊಂದನ್ನು ಮುದ್ರಿಸಿ ವೈದ್ಯರಿಗೆ ಹಂಚಲಾಯಿತು. ವೈದ್ಯ ಸಮುದಾಯದ ಬೆಂಬಲದಿಂದ ಅನುದಾನ ಮಂಜೂರಾಗಿ, ಸೂಚೀಗ್ರಂಥದ ಪ್ರಥಮ ಸಂಪುಟವು 1880ರಲ್ಲಿ ಹಾಗೂ ಪ್ರಥಮ ಶ್ರೇಣಿಯ ಕೊನೆಯದಾದ 16ನೇ ಸಂಪುಟವು 1895ರಲ್ಲಿ ಪ್ರಕಟಗೊಂಡವು. ಹೊಸ ಲೇಖನಗಳ ಮಾಹಿತಿಗಾಗಿ 1879ರಲ್ಲಿ ಇಂಡೆಕ್ಸ್ ಮೆಡಿಕಸ್ ಎಂಬ ಮಾಸಿಕ ಸೂಚಿಯನ್ನು ಆರಂಭಿಸಲಾಯಿತು. ಚಂದಾ ಹಣದಿಂದ ವೆಚ್ಚ ಸರಿದೂಗದೆ 1899ರಲ್ಲಿ ಅದು ನಿಂತುಹೋಗಿ, 1903ರಲ್ಲಿ ಕಾರ್ನೆಗಿ ಸಂಸ್ಥೆಯ ಧನಸಹಾಯದಿಂದ ಪುನರಾರಂಭಗೊಂಡಿತು.

ಇತರ ಕೊಡುಗೆಗಳು

ಬಾಲ್ಟಿಮೋರ್ ನಗರದಲ್ಲಿ 1889ರಲ್ಲಿ ಪ್ರಾರಂಭವಾದ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯ ಯೋಜನೆಯನ್ನು ರೂಪಿಸಿದವರು ಇವರೇ. ಆಸ್ಪತ್ರೆಯು ರೋಗಿಗಳ ಶುಶ್ರೂಷೆಯೊಂದಿಗೆ ಬೋಧನೆಗೂ ಸಂಶೋಧನೆಗೂ ನೆಲೆಯಾಗಬೇಕೆಂಬುದು ಇವರ ಆಶಯವಾಗಿತ್ತು. ಖ್ಯಾತ ವೈದ್ಯ ವಿಲಿಯಂ ಆಸ್ಲರ್ ಅವರನ್ನು ಅಲ್ಲಿಗೆ ಆಹ್ವಾನಿಸಿದವರೂ ಇವರೇ. ಜನಗಣತಿಯ ಅಂಕಿಅಂಶಗಳನ್ನು ಯಂತ್ರದಿಂದ ಎಣಿಸಬಹುದೆಂದು ಹರ್ಮನ್ ಹಾಲರಿತ್ ಅವರಿಗೆ ಇವರು ನೀಡಿದ ಸಲಹೆಯು ಫಲಿಸಿ, 1890ರ ಅಮೆರಿಕದ ಜನಗಣತಿಯಲ್ಲಿ ರಂಧ್ರಪತ್ರ ಯಂತ್ರಗಳು ಬಳಕೆಗೆ ಬಂದವು.

1896ರಲ್ಲಿ ನ್ಯೂಯಾರ್ಕ್ ಸಾರ್ವಜನಿಕ ಗ್ರಂಥಾಲಯದ ನಿರ್ದೇಶಕರಾದ ಇವರ ಅವಧಿಯಲ್ಲಿ, 1901ರಲ್ಲಿ ಆಂಡ್ರೂ ಕಾರ್ನೆಗಿಯವರು ಶಾಖಾ ಗ್ರಂಥಾಲಯಗಳಿಗಾಗಿ 52 ಲಕ್ಷ ಡಾಲರ್ ನೀಡಿದರು. ಕೇಂದ್ರ ಗ್ರಂಥಾಲಯದ ಭವ್ಯ ಕಟ್ಟಡವು 1911ರಲ್ಲಿ ಉದ್ಘಾಟನೆಗೊಂಡಿತು. 1913ರ ಮಾರ್ಚ್ 11ರಂದು ಬಿಲ್ಲಿಂಗ್ಸ್ ಅವರು ನ್ಯೂಯಾರ್ಕ್ ನಗರದಲ್ಲಿ ನಿಧನರಾದರು.

ಉಪಸಂಹಾರ

ಇವರು ಬೆಳೆಸಿದ ಗ್ರಂಥಾಲಯವು 1956ರಲ್ಲಿ ಅಮೆರಿಕದ ರಾಷ್ಟ್ರೀಯ ವೈದ್ಯಕೀಯ ಗ್ರಂಥಾಲಯವಾಯಿತು. ಇಂಡೆಕ್ಸ್ ಮೆಡಿಕಸ್‌ನ ಕಾರ್ಯವು ಕ್ರಮೇಣ ಗಣಕಯಂತ್ರಕ್ಕೆ ವರ್ಗಾವಣೆಗೊಂಡು, 1971ರಲ್ಲಿ ಮೆಡ್‌ಲೈನ್ ಮತ್ತು 1996ರಲ್ಲಿ ಪಬ್‌ಮೆಡ್ ಸೇವೆಗಳು ಆರಂಭವಾದವು. ಮುದ್ರಿತ ಸೂಚಿಯು 2004ರಲ್ಲಿ ಕೊನೆಗೊಂಡಿತು. 1997ರಿಂದ ಪಬ್‌ಮೆಡ್‌ನಲ್ಲಿ ಹುಡುಕಲು ಯಾವುದೇ ಶುಲ್ಕವಿಲ್ಲ. ಕರ್ನಾಟಕದ ವೈದ್ಯಕೀಯ ವಿದ್ಯಾರ್ಥಿಗಳೂ, ಆಸಕ್ತ ನಾಗರಿಕರೂ ಇದರ ಉಪಯೋಗ ಪಡೆಯಬಹುದಾಗಿದೆ. ಬಹುತೇಕ ಲೇಖನಗಳ ಸಾರಾಂಶವನ್ನು ಇಲ್ಲಿ ಓದಬಹುದು. ಪೂರ್ಣ ಪಾಠವು ಎಲ್ಲ ಲೇಖನಗಳಿಗೂ ಉಚಿತವಲ್ಲ. ಇಂತಹ ಓದು ವೈದ್ಯರ ಸಲಹೆಗೆ ಬದಲಿಯಲ್ಲ ಎಂಬುದನ್ನು ಗಮನದಲ್ಲಿಡತಕ್ಕದ್ದು.

ಬಿಲ್ಲಿಂಗ್ಸ್ ಅವರು ಸಮರ್ಥ ಶಸ್ತ್ರವೈದ್ಯರಾಗಿದ್ದರೂ ತಮ್ಮ ಬಾಳಿನ ಬಹುಭಾಗವನ್ನು ಚೀಟಿ ಮತ್ತು ಸೂಚಿಗಳಿಗೆ ಮೀಸಲಿಟ್ಟರು. ವಿದ್ಯಾರ್ಥಿ ದೆಸೆಯಲ್ಲಿ ತಮಗೆ ಆರು ತಿಂಗಳಲ್ಲಿಯೂ ದೊರೆಯದ ಉತ್ತರವು ಮುಂದಿನವರಿಗೆ ಬೇಗನೆ ದೊರೆಯುವಂತೆ ಮಾಡಿದ್ದೇ ಇವರ ಬಹುದೊಡ್ಡ ಸೇವೆ. ಇಂದು ಅದೇ ಪ್ರಶ್ನೆಯನ್ನು ಕೇಳುವ ವಿದ್ಯಾರ್ಥಿಯು ಕೆಲವೇ ಕ್ಷಣಗಳಲ್ಲಿ ಲೇಖನಗಳ ಪಟ್ಟಿಯನ್ನು ಪಡೆಯುತ್ತಾನೆ.